ಅಂಗಳದ ಮಣ್ಣು, ಮನೆಯ ಧೂಳು: ಸಿಲ್ವರ್ ವ್ಯಾಲಿಯ ಒಂದು ಬಾಡಿಗೆ ಮನೆಯ ಪ್ರಕರಣ

ಸೀಸದ ಗಣಿ ಮುಚ್ಚಿದ ಊರಿನಲ್ಲಿ ಮಕ್ಕಳನ್ನು ಕಾಪಾಡಬೇಕಾದವರ ಮುಂದೆ ಮೊದಲು ಬರುವ ಪ್ರಶ್ನೆ ಇದು: ಮನೆಯೊಳಗಿನ ಧೂಳು ತೆಗೆಯೋಣವೇ, ಹೊರಗಿನ ಮಣ್ಣು ತೆಗೆಯೋಣವೇ? ಎರಡಕ್ಕೂ ಒಟ್ಟಿಗೆ ದುಡ್ಡು, ಜನ, ಸಮಯ ಸಿಗುವುದಿಲ್ಲ. ಮಗು ತೆವಳುವುದು ಮನೆಯೊಳಗೆ. ಹಾಗಾಗಿ ಒಳಗಿನಿಂದಲೇ ಶುರು ಮಾಡೋಣ ಅನ್ನಿಸುವುದು ಸಹಜ. ಈ ಪ್ರಕರಣದಲ್ಲೂ ಹಾಗೇ ಅನ್ನಿಸಿತ್ತು. ಅದು ಯಾಕೆ ಸಾಕಾಗಲಿಲ್ಲ, ಎಲ್ಲಿ ದಾರಿ ಬದಲಾಯಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಪ್ರದೇಶದ ಹೆಸರು, ಇಸವಿ, ಊರಿನ ಒಟ್ಟು ಅಂಕಿಗಳು ಸಾರ್ವಜನಿಕ ದಾಖಲೆಯವು. ಕುಟುಂಬದ ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಮನೆ ಕಣಿವೆಯ ಯಾವ ಊರಿನದು, ಮಗುವಿನ ರಕ್ತದಲ್ಲಿ ಸೀಸ ನಿಖರವಾಗಿ ಎಷ್ಟಿತ್ತು ಅನ್ನುವುದನ್ನು ಬೇಕೆಂದೇ ಬಿಟ್ಟಿದ್ದೇನೆ. ಚಿಕ್ಕ ಊರುಗಳು. ಅಷ್ಟು ಹೇಳಿದರೆ ಯಾರ ಮನೆ ಅಂತ ಅಕ್ಕಪಕ್ಕದವರಿಗೆ ತಕ್ಷಣ ಗೊತ್ತಾಗುತ್ತದೆ.

ಕಣಿವೆಯ ಹಿನ್ನೆಲೆ

ಅಮೆರಿಕದ ಐಡಾಹೊ ರಾಜ್ಯದ ಉತ್ತರ ಭಾಗದಲ್ಲಿ, ಕೋರ್ ಡಲೇನ್ ನದಿಯ ದಕ್ಷಿಣ ಕವಲಿನ ಗುಂಟ ಸಿಲ್ವರ್ ವ್ಯಾಲಿ ಇದೆ. 1885ರಲ್ಲಿ ಇಲ್ಲಿ ಬಂಕರ್ ಹಿಲ್ ಅದಿರು ಸಿಕ್ಕಿತು. ಬೆಳ್ಳಿ, ಸೀಸ, ಸತು ಮೂರೂ ಇದ್ದ ಅದಿರು. 1917ರಲ್ಲಿ ಕೆಲಾಗ್ ಊರಿನ ಮಗ್ಗುಲಲ್ಲೇ ಸೀಸ ಕರಗಿಸುವ ಸ್ಮೆಲ್ಟರ್ ಶುರುವಾಯಿತು. ಅದಿರು ಅರೆದ ಮೇಲೆ ಉಳಿಯುವ ಪುಡಿ ದಶಕಗಟ್ಟಲೆ ಹೊಳೆಗೆ ಹೋಯಿತು. ಅದೇ ಪುಡಿಯನ್ನು ರಸ್ತೆಗೆ, ರೈಲು ಹಳಿಯ ಬುಡಕ್ಕೆ, ತಗ್ಗು ಜಾಗಗಳಿಗೆ ತುಂಬಿದರು. ಆಗ ಅದು ಪುಕ್ಕಟೆ ಸಿಗುವ ಒಳ್ಳೆ ಮರಳು.

1973ರ ಸೆಪ್ಟೆಂಬರ್‌ನಲ್ಲಿ ಸ್ಮೆಲ್ಟರ್‌ನ ಹೊಗೆ ಸೋಸುವ ಚೀಲಗಳಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಹೊಗೆಯ ಜೊತೆ ಹೋಗುವ ಸೀಸದ ಧೂಳನ್ನು ಹಿಡಿದಿಡುತ್ತಿದ್ದುದೇ ಆ ಚೀಲಗಳು. ಸೋಸುವ ವ್ಯವಸ್ಥೆ ಹಾಳಾದರೂ ಕಾರ್ಖಾನೆಯನ್ನು ತಿಂಗಳುಗಟ್ಟಲೆ ನಡೆಸಿದರು. 1974ರಲ್ಲಿ ಮಕ್ಕಳ ರಕ್ತ ಪರೀಕ್ಷೆ ನಡೆಯಿತು. ಸ್ಮೆಲ್ಟರ್‌ನಿಂದ ಒಂದು ಮೈಲಿ ಒಳಗಿದ್ದ ಮಕ್ಕಳಲ್ಲಿ ಶೇ 99ರಷ್ಟು ಮಕ್ಕಳ ರಕ್ತದಲ್ಲಿ ಡೆಸಿಲೀಟರ್‌ಗೆ 40 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಸೀಸವಿತ್ತು. ಒಂದು ಮಗುವಿನಲ್ಲಿ 164 ಇತ್ತು. ಈಗ ಅಮೆರಿಕದಲ್ಲಿ 3.5 ಬಂದರೇ ಆ ಮನೆಯನ್ನು ಪರಿಶೀಲಿಸಬೇಕು ಅನ್ನುತ್ತಾರೆ.

1981ರ ಕೊನೆಗೆ ಸ್ಮೆಲ್ಟರ್ ನಿಂತಿತು. ಹೊಗೆ ನಿಂತರೆ ಸೀಸವೂ ನಿಲ್ಲುತ್ತದೆ ಎಂದು ಬಹಳ ಜನ ನಂಬಿದ್ದರು. 1983ರಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ ಮಿತಿ ಮೀರಿದ ಮಕ್ಕಳು ಇನ್ನೂ ಇದ್ದರು. ಅವರಲ್ಲಿ ಕೆಲವರು ಸ್ಮೆಲ್ಟರ್ ಆರಿದ ಮೇಲೆ ಹುಟ್ಟಿದವರು. ಈ ಮಕ್ಕಳು ಆ ಹೊಗೆಯನ್ನು ಒಂದು ದಿನವೂ ಉಸಿರಾಡಿರಲಿಲ್ಲ, ಅಲ್ವಾ? ಹಾಗಾದರೆ ಸೀಸ ಬಂದಿದ್ದು ನೆಲದಿಂದಲೇ. ಅದೇ ವರ್ಷ 21 ಚದರ ಮೈಲಿ ಪ್ರದೇಶವನ್ನು, ವಿಷ ಸೇರಿದ ಜಾಗಗಳನ್ನು ಸ್ವಚ್ಛ ಮಾಡಿಸುವ ಕೇಂದ್ರ ಸರ್ಕಾರದ ಸೂಪರ್‌ಫಂಡ್ ಪಟ್ಟಿಗೆ ಸೇರಿಸಿದರು. ಕೆಲಾಗ್, ಸ್ಮೆಲ್ಟರ್‌ವಿಲ್, ವಾರ್ಡ್ನರ್, ಪೇಜ್, ಪೈನ್‌ಹರ್ಸ್ಟ್ ಎಲ್ಲ ಅದರೊಳಗೆ ಬಂದವು.

1985ರಿಂದ ಜಿಲ್ಲಾ ಆರೋಗ್ಯ ಇಲಾಖೆಯವರು ಪ್ರತಿ ಬೇಸಿಗೆ ಮನೆಮನೆಗೆ ಹೋಗಿ ಚಿಕ್ಕ ಮಕ್ಕಳ ರಕ್ತ ಪರೀಕ್ಷೆ ಮಾಡತೊಡಗಿದರು. ಬೇಸಿಗೆಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಹಿಮ ಕರಗಿ ಮಣ್ಣು ಒಣಗಿರುತ್ತದೆ, ಮಕ್ಕಳು ಇಡೀ ದಿನ ಹೊರಗಿರುತ್ತಾರೆ. ವರ್ಷದಲ್ಲಿ ಸೀಸ ಅತಿ ಹೆಚ್ಚಾಗಿ ಕಾಣುವುದು ಆಗಲೇ.

ಸಮಸ್ಯೆ ಗೊತ್ತಾದದ್ದು

ನಮ್ಮ ಪ್ರಕರಣದ ಕುಟುಂಬ 1990ರ ದಶಕದ ಆರಂಭದಲ್ಲಿ ಈ ಕಣಿವೆಗೆ ಬಂತು. ಬಾಡಿಗೆ ಕಡಿಮೆ ಅನ್ನುವುದೇ ಕಾರಣ. ಎರಡನೇ ಮಹಾಯುದ್ಧಕ್ಕೂ ಮುಂಚಿನ ಮರದ ಮನೆ, ಮುಂದೆ ಸಣ್ಣ ಅಂಗಳ, ಹಿಂದೆ ಮಣ್ಣಿನ ಓಣಿ. ತಂದೆ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದರು, ತಾಯಿ ಮನೆಯಲ್ಲಿ. ದೊಡ್ಡ ಮಗುವಿಗೆ ಶಾಲೆಗೆ ಹೋಗುವ ವಯಸ್ಸು. ಚಿಕ್ಕದಕ್ಕೆ ಎರಡು ತುಂಬುತ್ತಿತ್ತು.

ಬೇಸಿಗೆ ಪರೀಕ್ಷೆಯಲ್ಲಿ ಚಿಕ್ಕ ಮಗುವಿನ ರಕ್ತದಲ್ಲಿ ಸೀಸ 10 ಮೈಕ್ರೊಗ್ರಾಂ ದಾಟಿತ್ತು. ಅದಕ್ಕೆ ಸ್ವಲ್ಪ ಹಿಂದೆ, 1991ರಲ್ಲಿ, ರಾಷ್ಟ್ರೀಯ ಮಿತಿಯನ್ನು 25ರಿಂದ 10ಕ್ಕೆ ಇಳಿಸಿದ್ದರು. ಹಳೇ ಲೆಕ್ಕದಲ್ಲಾದರೆ ಈ ಮಗುವಿನ ಹೆಸರು ಯಾವ ಪಟ್ಟಿಗೂ ಬರುತ್ತಿರಲಿಲ್ಲ. ಮಗು ಆಡುತ್ತಿತ್ತು, ಉಣ್ಣುತ್ತಿತ್ತು, ಕಾಯಿಲೆ ಅಂತ ಏನೂ ಕಾಣುತ್ತಿರಲಿಲ್ಲ. ಈ ಮಟ್ಟದ ಸೀಸದ ಕೆಟ್ಟತನ ಇರುವುದೇ ಇಲ್ಲಿ. ಹೊಟ್ಟೆನೋವಿಲ್ಲ, ವಾಂತಿಯಿಲ್ಲ. ಮಾತು ತಡವಾಗುವುದು, ಗಮನ ನಿಲ್ಲದಿರುವುದು, ಕಲಿಯುವುದರಲ್ಲಿ ಹಿಂದೆ ಬೀಳುವುದು ನಿಧಾನವಾಗಿ ಕಾಣುತ್ತದೆ. ಕಾಣುವ ಹೊತ್ತಿಗೆ ಅದಕ್ಕೆ ಸೀಸವೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ.

ತಾಯಿ ಮೊದಲು ಕೇಳಿದ್ದು ಔಷಧಿ. ಇಲಾಖೆಯಿಂದ ಬಂದ ನರ್ಸ್ 'ಔಷಧಿ ಇಲ್ಲ' ಅನ್ನಬೇಕಾಯಿತು. ಸೀಸವನ್ನು ಮೈಯಿಂದ ಎಳೆದು ತೆಗೆಯುವ ಔಷಧಿಗಳಿವೆ, ಆದರೆ ಅವನ್ನು ಸಾಮಾನ್ಯವಾಗಿ ಕೊಡುವುದು ರಕ್ತದ ಸೀಸ 45 ಮುಟ್ಟಿದ ಮಕ್ಕಳಿಗೆ. ಅದಕ್ಕಿಂತ ಕೆಳಗೆ ಇರುವ ಚಿಕಿತ್ಸೆ ಒಂದೇ: ಸೀಸ ಬರುವ ದಾರಿ ಹುಡುಕಿ ಮುಚ್ಚುವುದು.

ದಾರಿ ಹುಡುಕಿದ ಬಗೆ

ನರ್ಸ್ ಮನೆಗೆ ಬಂದು ಒಂದೊಂದನ್ನೇ ನೋಡಿದರು. ನಲ್ಲಿ ನೀರಿನಲ್ಲಿ ತೊಂದರೆ ಇರಲಿಲ್ಲ. ತಂದೆ ಗ್ಯಾರೇಜಿನಿಂದ ಬ್ಯಾಟರಿ ಮುಟ್ಟಿದ ಬಟ್ಟೆಯಲ್ಲೇ ಬರುತ್ತಾರಾ ಅಂತ ಕೇಳಿದರು. ಬಟ್ಟೆ ಅಲ್ಲೇ ಬದಲಿಸಿ ಬರುವ ಅಭ್ಯಾಸ ಅವರಿಗೆ ಮೊದಲಿನಿಂದಲೂ ಇತ್ತು. ಕಿಟಕಿಗಳಿಗೆ ಹಳೇ ಬಣ್ಣವಿತ್ತು, ಅದರಲ್ಲಿ ಸೀಸವೂ ಇತ್ತು, ಆದರೆ ಎಲ್ಲೂ ಎದ್ದಿರಲಿಲ್ಲ, ಉದುರುತ್ತಿರಲಿಲ್ಲ. ಉಳಿದಿದ್ದು ಧೂಳು. ಮನೆಯ ವ್ಯಾಕ್ಯೂಮ್ ಕ್ಲೀನರ್‌ನ ಚೀಲವನ್ನೇ ಬಿಚ್ಚಿ ಅದರ ಧೂಳನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಅಂಗಳದಿಂದಲೂ ಮಣ್ಣು ತೆಗೆದರು. ಎರಡರಲ್ಲೂ ಸೀಸ ಜಾಸ್ತಿ ಇತ್ತು.

ಇಂಥ ಮನೆಯಲ್ಲಿ ಮಗು ಮಣ್ಣು ತಿನ್ನಬೇಕಾಗಿಯೇ ಇಲ್ಲ. ನೆಲ ಮುಟ್ಟಿದ ಕೈ ಬಾಯಿಗೆ ಹೋದರೆ ಸಾಕು. ದೊಡ್ಡವರ ಹೊಟ್ಟೆಗೆ ಹೋದ ಸೀಸದಲ್ಲಿ ಸುಮಾರು ಹತ್ತನೇ ಒಂದು ಭಾಗ ರಕ್ತ ಸೇರಿದರೆ, ಚಿಕ್ಕ ಮಕ್ಕಳಲ್ಲಿ ಅರ್ಧದವರೆಗೂ ಸೇರಬಹುದು. ಮಗುವಿಗೆ ಕಬ್ಬಿಣದ ಕೊರತೆ ಇದ್ದರೆ ಇನ್ನೂ ಜಾಸ್ತಿ.

ಮೊದಲ ತೀರ್ಮಾನ ಸರಳವಾಗಿತ್ತು. ಕಬ್ಬಿಣ, ಕ್ಯಾಲ್ಸಿಯಂ ಇರುವ ಊಟ. ಊಟಕ್ಕೆ, ನಿದ್ದೆಗೆ ಮುಂಚೆ ಕೈ ತೊಳೆಸುವುದು. ಬೂಟು ಬಾಗಿಲಾಚೆ. ಒಣ ಗುಡಿಸುವುದು ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸುವುದು. ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್‌ನ ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಇಲಾಖೆಯೇ ಎರವಲು ಕೊಡುತ್ತಿತ್ತು, ಅದನ್ನೂ ತಂದರು.

ತಾಯಿ ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದರು. ಚಳಿಗಾಲದ ಹೊತ್ತಿಗೆ ಮಗುವಿನ ಅಂಕಿ ಇಳಿಯಿತು. ಎಲ್ಲರಿಗೂ ಸಮಾಧಾನ. ಮುಂದಿನ ಬೇಸಿಗೆಯಲ್ಲಿ ಅದು ಮತ್ತೆ ಏರಿತು.

ಚಳಿಗಾಲದಲ್ಲಿ ನೆಲ ಹಿಮದಡಿ ಇರುತ್ತದೆ, ಮಗು ಒಳಗಿರುತ್ತದೆ. ಆಗ ಬರುವ ಕಡಿಮೆ ಅಂಕಿಯನ್ನು ಗೆಲುವು ಅಂದುಕೊಂಡರೆ ಮೋಸ ಹೋಗುತ್ತೇವೆ. ಒಂದು ಬೇಸಿಗೆಯನ್ನು ಇನ್ನೊಂದು ಬೇಸಿಗೆಯ ಜೊತೆಗೇ ಹೋಲಿಸಬೇಕು.

ಕಾರ್ಪೆಟ್ ಕಿತ್ತು ಹಾಕಿದರು

ಎರಡನೇ ಬೇಸಿಗೆಯ ಫಲಿತಾಂಶ ಬಂದಾಗ ಮನೆಯಲ್ಲಿ ಬೇಸರ ಮೂಡಿತು. ನೆಂಟರಲ್ಲಿ ಒಬ್ಬರು, ಮನೆ ಸರಿಯಾಗಿ ಒರೆಸುತ್ತಿಲ್ಲವೇನೋ ಎಂದರಂತೆ. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಯಾಕೆಂದರೆ ಸೀಸದ ಸಲಹೆಗಳೆಲ್ಲ ಕೊನೆಗೆ ಒಬ್ಬಳೇ ಹೆಂಗಸಿನ ಕೈಗೆ ಬಟ್ಟೆ ಕೊಟ್ಟು ನಿಲ್ಲುತ್ತವೆ. ಅಂಕಿ ಇಳಿಯದಿದ್ದರೆ ದೂರು ಕೂಡ ಅವಳ ಮೇಲೇ ಬರುತ್ತದೆ. ದಶಕಗಟ್ಟಲೆ ಕಾಲ ಕಾರ್ಖಾನೆ ಸುರಿದದ್ದನ್ನು ಒಬ್ಬ ತಾಯಿ ಬಕೆಟ್ಟು ಹಿಡಿದು ತೆಗೆಯಬೇಕು ಅಂತ ನಿರೀಕ್ಷಿಸುವುದು ಅನ್ಯಾಯ.

ಗಂಡ ಹೆಂಡತಿ ಕೂಡಿಟ್ಟ ದುಡ್ಡು ಹಾಕಿ ಹಳೇ ಕಾರ್ಪೆಟ್ ಕಿತ್ತು ಹಾಕಿದರು. ಒರೆಸಲು ಸುಲಭವಾದ ವಿನೈಲ್ ಹಾಸಿದರು. ಕಿಟಕಿ ಸಂದು, ಹೀಟರ್‌ನ ಕೊಳವೆ, ಸೋಫಾ ಎಲ್ಲವನ್ನೂ ತೊಳೆದರು. ಮಾಡಿದ್ದು ತಪ್ಪಲ್ಲ. ಹಳೇ ಕಾರ್ಪೆಟ್ಟಿನೊಳಗೆ ವರ್ಷಗಳ ಸೀಸ ಕೂತಿರುತ್ತದೆ, ಮೇಲಿಂದ ಎಷ್ಟು ಎಳೆದರೂ ಪೂರ್ತಿ ಬರುವುದಿಲ್ಲ. ಕೆಲವು ತಿಂಗಳು ಧೂಳಿನ ಅಂಕಿ ಚೆನ್ನಾಗಿಯೇ ಇತ್ತು. ಒಂದು ವರ್ಷ ಕಳೆಯುವುದರೊಳಗೆ ಹೆಚ್ಚುಕಡಿಮೆ ಹಳೇ ಜಾಗಕ್ಕೇ ಬಂದು ನಿಂತಿತು.

ಕಣಿವೆಯ ಸ್ವಚ್ಛತಾ ಯೋಜನೆಯ ಎಂಜಿನಿಯರುಗಳಿಗೆ ಇದು ಹೊಸದಾಗಿರಲಿಲ್ಲ. 1990ರಲ್ಲಿ ಅವರೇ ಆರು ಮನೆಗಳನ್ನು ಪ್ರಯೋಗಕ್ಕೆ ಆರಿಸಿ ಒಳಗೆಲ್ಲ ಸ್ವಚ್ಛ ಮಾಡಿಸಿದ್ದರು. ವರ್ಷದೊಳಗೆ ಆ ಮನೆಗಳಿಗೆ ಸೀಸದ ಧೂಳು ವಾಪಸ್ ಬಂದಿತ್ತು. ಹೊಳೆ ದಂಡೆಯ ಮರಳಿನಲ್ಲಿ ಒರತೆ ತೋಡಿದ ಹಾಗೆ, ಎಷ್ಟು ಮೊಗೆದು ಚೆಲ್ಲಿದರೂ ಸುತ್ತಲಿಂದ ಒಸರಿ ತುಂಬುತ್ತದೆ. ಬೂಟು, ನಾಯಿ, ಕಿಟಕಿ, ಗಾಳಿ, ಮಕ್ಕಳ ಬಟ್ಟೆ, ಎಲ್ಲವೂ ಅಂಗಳವನ್ನು ಒಳಗೆ ತರುತ್ತವೆ.

ಆ ಪ್ರಯೋಗದಿಂದ ಕಣಿವೆಯ ಯೋಜನೆಯ ಕ್ರಮವೇ ನಿಶ್ಚಯವಾಯಿತು. ಮೊದಲು ಹೊರಗಿನ ಮಣ್ಣು. ಮನೆಯೊಳಗಿನ ದೊಡ್ಡ ಸ್ವಚ್ಛತೆ ಆಮೇಲೆ, ಅದೂ ಅಂಗಳಗಳೆಲ್ಲ ಮುಗಿದ ಮೇಲೂ ಧೂಳು ಇಳಿಯದ ಮನೆಗಳಿಗೆ ಮಾತ್ರ. ಈ ಕ್ರಮ ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ತೆವಳುವ ಮಗುವಿರುವ ತಾಯಿಗೆ 'ಇನ್ನೂ ಸ್ವಲ್ಪ ಕಾಯಿರಿ' ಅನ್ನುವುದು ಎಷ್ಟು ಕಷ್ಟದ ಮಾತು! ಮಣ್ಣಿನ ಕೆಲಸ ನಡೆಯುವಷ್ಟು ಕಾಲವೂ ನರ್ಸ್ ಬರುತ್ತಲೇ ಇರಬೇಕು, ವ್ಯಾಕ್ಯೂಮ್ ಕ್ಲೀನರ್ ಸಿಗುತ್ತಲೇ ಇರಬೇಕು. ಅದಿಲ್ಲದೆ ಕ್ರಮದ ಮಾತು ಬರೀ ಕಾಗದದ ಮೇಲಿನ ಮಾತು.

ಅಂಗಳ ಅಗೆದರು, ಅರ್ಧ ಇಳಿಯಿತು

ಅಂಗಳಗಳ ಕೆಲಸ ಕಣಿವೆಯಲ್ಲಿ 1989ರಲ್ಲೇ ಶುರುವಾಗಿತ್ತು. ಮಣ್ಣಿನಲ್ಲಿ 1,000 ಪಿಪಿಎಂಗಿಂತ (ಅಂದರೆ ಹತ್ತು ಲಕ್ಷ ಭಾಗ ಮಣ್ಣಿನಲ್ಲಿ ಸಾವಿರ ಭಾಗಕ್ಕಿಂತ) ಜಾಸ್ತಿ ಸೀಸವಿದ್ದರೆ ಮೇಲಿನ ಒಂದು ಅಡಿ ಮಣ್ಣು ತೆಗೆದು ಬೇರೆ ಕಡೆಯ ಒಳ್ಳೆ ಮಣ್ಣು ಹಾಕುವುದು. ತರಕಾರಿ ಮಡಿಗಳಲ್ಲಿ ಎರಡು ಅಡಿ. ಕೆಳಗೆ ಇನ್ನೂ ಸೀಸ ಉಳಿದಿದ್ದರೆ ಹೊಸ ಮಣ್ಣಿನ ಅಡಿಯಲ್ಲಿ ಗುರುತಿಗೆ ಒಂದು ಹಾಳೆ ಹಾಸುವುದು. ಮುಂದೆ ಯಾರಾದರೂ ಅಗೆದರೆ ಅಲ್ಲಿಗೆ ನಿಲ್ಲಿಸಲಿ ಅಂತ. ಚಿಕ್ಕ ಮಕ್ಕಳು, ಗರ್ಭಿಣಿಯರು ಇರುವ ಮನೆಗಳಿಗೆ ಮೊದಲ ಸರದಿ.

ಈ ಮನೆಗೂ ಸರದಿ ಬಂತು. ಬಾಡಿಗೆ ಮನೆಯಾದ್ದರಿಂದ ಮಾಲೀಕರ ಸಹಿ ಬೇಕಿತ್ತು, ಅವರು ಬೇರೆ ರಾಜ್ಯದಲ್ಲಿದ್ದರು. ಸಹಿ ಬರುವಷ್ಟರಲ್ಲಿ ಕೆಲಸದ ಕಾಲ ಕಳೆದು ಹೋಗುವುದರಲ್ಲಿತ್ತು. ಬಾಡಿಗೆದಾರರು ಜಾಸ್ತಿ ಇರುವ ಊರಿನಲ್ಲಿ ಇಂಥ ಕೆಲಸ ಮಾಡುವವರು ಒಪ್ಪಿಗೆ ಪತ್ರದ ಓಡಾಟವನ್ನು ಮಣ್ಣಿನ ಪರೀಕ್ಷೆಯ ಜೊತೆಗೇ ಶುರು ಮಾಡಬೇಕು. ಇಲ್ಲದಿದ್ದರೆ ಮಗುವಿನ ಒಂದು ಪೂರ್ತಿ ಬೇಸಿಗೆ ಕೈತಪ್ಪುತ್ತದೆ.

ಅಂಗಳ ಹೊಸದಾಯಿತು, ಹುಲ್ಲು ಹಾಸಿದರು. ಮುಂದಿನ ಪರೀಕ್ಷೆಯಲ್ಲಿ ಅಂಕಿ ಇಳಿದಿತ್ತು, ಆದರೆ ಅಂದುಕೊಂಡಷ್ಟು ಅಲ್ಲ. ಧೂಳಿನಲ್ಲಿ ಇನ್ನೂ ಸೀಸ ಬರುತ್ತಿತ್ತು.

ನರ್ಸ್ ಆಗ ಮಗುವಿನ ದಿನಚರಿಯನ್ನು ತಾಯಿಯ ಬಾಯಲ್ಲೇ ಹೇಳಿಸಿದರು. ಬೆಳಗ್ಗೆ ಎಲ್ಲಿ, ಮಧ್ಯಾಹ್ನ ಎಲ್ಲಿ, ಅಣ್ಣನ ಜೊತೆ ಎಲ್ಲೆಲ್ಲಿ ಓಡಾಡುತ್ತದೆ? ಉತ್ತರದಲ್ಲಿ ಸ್ವಂತ ಅಂಗಳ ಹೆಚ್ಚು ಹೊತ್ತು ಬರಲೇ ಇಲ್ಲ. ಬಂದದ್ದು ಹಿಂದಿನ ಓಣಿ, ಪಕ್ಕದ ಮನೆಯ ಹಿತ್ತಿಲು, ರಸ್ತೆ ಬದಿಯ ಬರಿ ಮಣ್ಣು. ಪಕ್ಕದ ಮನೆಯಲ್ಲಿ ಇದ್ದವರು ವಯಸ್ಸಾದವರು, ಮಕ್ಕಳಿಲ್ಲ. ಹಾಗಾಗಿ ಅವರ ಹಿತ್ತಿಲಿಗೆ ಸರದಿಯೇ ಬಂದಿರಲಿಲ್ಲ. ಕಾರು ಹೋದಾಗಲೆಲ್ಲ ಓಣಿಯ ಧೂಳು ಏಳುತ್ತಿತ್ತು.

ಈ ಪ್ರಕರಣ ತಿರುಗಿದ್ದು ಇಲ್ಲೇ. ಅಪಾಯ ಜಾಸ್ತಿ ಇರುವ ಮನೆಯನ್ನು ಮೊದಲು ನೋಡಬೇಕು ಅನ್ನುವುದು ಮಾನವೀಯ ತೀರ್ಮಾನ, ಅದರಲ್ಲಿ ಸಂಶಯವಿಲ್ಲ. ಆದರೆ ಅದರಿಂದ ಅಲ್ಲೊಂದು ಇಲ್ಲೊಂದು ಒಳ್ಳೆ ಅಂಗಳ, ಸುತ್ತಲೂ ಹಳೇ ಮಣ್ಣು ಆಗುತ್ತದೆ. ಕಣಿವೆಯ ವರ್ಷಗಳ ಅಂಕಿಗಳನ್ನು ಆಮೇಲೆ ಒಟ್ಟಿಗೆ ಲೆಕ್ಕ ಹಾಕಿದಾಗಲೂ ಇದೇ ಕಂಡಿತು. ಮಕ್ಕಳ ಮೈ ಸೇರುವ ಸೀಸದಲ್ಲಿ ಸುಮಾರು ಶೇ 40 ಮನೆಯ ಧೂಳಿನ ಮೂಲಕ, ಸುಮಾರು ಶೇ 30 ಊರಿನ ಒಟ್ಟು ಮಣ್ಣಿನಿಂದ, ಇನ್ನು ಸುಮಾರು ಶೇ 30 ಸ್ವಂತ ಅಂಗಳ ಮತ್ತು ಅಕ್ಕಪಕ್ಕದ ಮಣ್ಣಿನಿಂದ. ಅಂದರೆ ಒಂದೇ ಅಂಗಳ ಅಗೆದರೆ ಕೈಗೆ ಸಿಗುವುದು ಆ ಕೊನೆಯ ಪಾಲಿನಲ್ಲಿ ಒಂದು ತುಂಡು ಮಾತ್ರ.

ಇಡೀ ಬೀದಿ

1990ರ ದಶಕದ ಮಧ್ಯದಿಂದ ಕೆಲಸದ ರೀತಿ ಬದಲಾಯಿತು. ಮನೆಯಲ್ಲಿ ಮಕ್ಕಳಿರಲಿ ಬಿಡಲಿ, ಪ್ರದೇಶ ಪ್ರದೇಶವಾಗಿ ಅಂಗಳಗಳು, ಓಣಿಗಳು, ರಸ್ತೆ ಬದಿಗಳನ್ನು ಮುಗಿಸುತ್ತಾ ಹೋದರು. ಈ ಕುಟುಂಬದ ಬೀದಿಯೂ ಹಾಗೇ ಮುಗಿಯಿತು. ಪಕ್ಕದ ಹಿರಿಯರು ಮೊದಲು ಒಪ್ಪಲಿಲ್ಲ. ಬಹಳ ವರ್ಷಗಳಿಂದ ಸಾಕಿದ ಗುಲಾಬಿ ಗಿಡ ಹೋಗುತ್ತವೆ ಅನ್ನುವ ಚಿಂತೆ ಅವರಿಗೆ. ಬೇರು ಕೈಯಲ್ಲೇ ಬಿಡಿಸಿ ಗಿಡಗಳನ್ನು ಉಳಿಸಿಕೊಡುತ್ತೇವೆ ಎಂದ ಮೇಲೆ ಒಪ್ಪಿದರು.

ಆಮೇಲೆ ಮನೆಯೊಳಗೆ ವಿಶೇಷವಾಗಿ ಏನೂ ಮಾಡಲಿಲ್ಲ. ಎಂದಿನ ಒರೆಸುವಿಕೆ ಅಷ್ಟೇ. ಧೂಳಿನ ಸೀಸ ತಾನಾಗಿಯೇ ಇಳಿಯುತ್ತಾ ಬಂತು. ಬಾಗಿಲಲ್ಲಿ ಪರೀಕ್ಷೆಗೆಂದು ಹಾಕಿದ ಮ್ಯಾಟಿನಲ್ಲೂ ಅದೇ ಕಂಡಿತು. ಮಗುವಿನ ಅಂಕಿ 10ರ ಕೆಳಗೆ ಬಂದು ಅಲ್ಲೇ ಉಳಿಯಿತು. ಬೀದಿ ಮುಗಿದ ಮೇಲೆ ಹುಟ್ಟಿದ ಮೂರನೇ ಮಗುವಿನಲ್ಲಿ ಅಂಕಿ ಮೊದಲಿನಿಂದಲೂ ಕಡಿಮೆಯೇ ಇತ್ತು.

ಒಂದು ಮನೆಯ ಅಂಕಿ ಬೇರೆ ಕಾರಣಗಳಿಂದಲೂ ಇಳಿಯಬಹುದು. ಮಗು ಬೆಳೆಯುತ್ತದೆ, ಕೈ ಬಾಯಿಗೆ ಹಾಕುವುದು ಬಿಡುತ್ತದೆ. ಅದಕ್ಕೇ ಊರಿನ ಅಂಕಿ ನೋಡಬೇಕು. 1988ರಲ್ಲಿ ಪರೀಕ್ಷೆಗೆ ಬಂದ ಮಕ್ಕಳಲ್ಲಿ ಶೇ 46ರಷ್ಟು ಮಕ್ಕಳಿಗೆ 10 ಅಥವಾ ಅದಕ್ಕಿಂತ ಜಾಸ್ತಿ ಇತ್ತು. 2001ರ ಹೊತ್ತಿಗೆ ಅದು ಶೇ 3ಕ್ಕೆ ಇಳಿದಿತ್ತು. ಎರಡು ವರ್ಷದ ಮಕ್ಕಳಲ್ಲಿ ಮಣ್ಣು ಬದಲಿಸಿದ್ದರಿಂದಲೇ ಹತ್ತು ವರ್ಷಗಳಲ್ಲಿ ಸರಾಸರಿ ಸುಮಾರು 7.5 ಮೈಕ್ರೊಗ್ರಾಂ ಇಳಿದಿದೆ ಅನ್ನುವುದು ಲೆಕ್ಕ. ನರ್ಸ್ ಭೇಟಿ, ಸಲಹೆ ಸಿಕ್ಕ ಮಕ್ಕಳಲ್ಲಿ ಅದರ ಮೇಲೆ ಇನ್ನೂ 2ರಿಂದ 15ರವರೆಗೆ ಇಳಿಕೆ ಕಂಡಿತು. ಹಾಗಾಗಿ ಆ ತಾಯಿ ಒರೆಸಿದ್ದು ದಂಡವಾಯಿತು ಅಂತ ಯಾರೂ ಹೇಳಬಾರದು. ಬೀದಿಯ ಸರದಿ ಬರುವವರೆಗೆ ಮಗುವಿಗೆ ಸಿಕ್ಕ ರಕ್ಷಣೆ ಅದೇ.

ಹೊಸ ಮಣ್ಣಿನ ಕೆಳಗೆ

ಒಂದು ಅಡಿ ಮಣ್ಣು ಅಂದರೆ ಮೇಲಿನ ಮುಚ್ಚಳ. ಕೆಳಗೆ ಸೀಸ ಇದ್ದಲ್ಲೇ ಇದೆ. ತಂದೆಗೆ ಹಿತ್ತಿಲಿನಲ್ಲಿ ಶೆಡ್ ಕಟ್ಟುವ ಆಸೆ. ಕಂಬಕ್ಕೆ ಗುಂಡಿ ತೋಡಿದರೆ ಹಳೇ ಮಣ್ಣು ಮೇಲೆ ಬರುತ್ತದೆ. 1995ರಿಂದ ಇಂಥ ಅಗೆತಕ್ಕೆ ಜಿಲ್ಲಾ ಆರೋಗ್ಯ ಇಲಾಖೆಯ ಪರವಾನಗಿ ಬೇಕು. ತೆಗೆದ ಮಣ್ಣು ಹಾಕಲು ಬೇರೆ ಜಾಗ ಇದೆ. ತಂದೆ ಮೊದಲು ಗೊಣಗಿದರು, ಆಮೇಲೆ ಪರವಾನಗಿ ತಗೊಂಡೇ ತೋಡಿದರು. ಈ ವ್ಯವಸ್ಥೆಯನ್ನು ಎಷ್ಟೋ ಜನ ಕಿರಿಕಿರಿ ಅನ್ನುತ್ತಾರೆ. ನನ್ನ ಪ್ರಕಾರ ಇಡೀ ಯೋಜನೆಯ ಜೀವ ಇರುವುದು ಇದರಲ್ಲೇ, ಯಾಕೆಂದರೆ ಇದಕ್ಕೆ ಮುಗಿಯುವ ದಿನಾಂಕ ಇಲ್ಲ. 1997ರಲ್ಲಿ ಮೈಲೊ ಹಳ್ಳ ಉಕ್ಕಿ ವಾರ್ಡ್ನರ್, ಕೆಲಾಗ್ ಊರುಗಳಿಗೆ ನುಗ್ಗಿದಾಗ ಆಗಲೇ ಸ್ವಚ್ಛವಾಗಿದ್ದ ಜಾಗಗಳಿಗೂ ಮೇಲಿನ ಗಣಿಯ ಕಡೆಯ ಮಣ್ಣು ಬಂದು ಬಿತ್ತು. ಮತ್ತೆ ತೆಗೆಯಬೇಕಾಯಿತು.

ನಮ್ಮಲ್ಲಿ ಇದನ್ನು ಓದುವವರಿಗೆ ಕೆಜಿಎಫ್‌ನ ಸೈನೈಡ್ ದಿಬ್ಬಗಳು ನೆನಪಾಗಬಹುದು. 2001ರ ಫೆಬ್ರವರಿಯಲ್ಲಿ ಗಣಿ ನಿಂತಿತು, ದಿಬ್ಬಗಳು ಉಳಿದವು, ಗಾಳಿಗೆ ಧೂಳು ಮನೆಗಳಿಗೆ ಬರುತ್ತದೆ. ಅದು ಚಿನ್ನದ ಗಣಿ, ಆ ಧೂಳಿನ ಸಂಗತಿ ಬೇರೆ. ಸಿಲ್ವರ್ ವ್ಯಾಲಿಯ ಸೀಸದ ಅಂಕಿಗಳನ್ನು ಅಲ್ಲಿಗೆ ಹೊಂದಿಸಬಾರದು. ಹೊಂದುವುದು ಕೆಲಸದ ರೀತಿ. ಮನೆಯ ಧೂಳು, ಅಂಗಳ, ಓಣಿ, ಮಕ್ಕಳು ಆಡುವ ಜಾಗ ನಾಲ್ಕನ್ನೂ ಒಟ್ಟಿಗೆ ಅಳೆಯಬೇಕು, ಒಂದೊಂದೇ ಮನೆ ನೋಡದೆ ಬೀದಿಯನ್ನು ನೋಡಬೇಕು. ಒಣ ಪೊರಕೆಯಲ್ಲಿ ಗುಡಿಸುವ ನಮ್ಮ ಮನೆಗಳಲ್ಲಿ ಸಣ್ಣ ಧೂಳು ಎದ್ದು ಮತ್ತೆ ಅಲ್ಲೇ ಕೂರುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತಗೋಬೇಕು. ರಕ್ತದ ಸೀಸದ ಬಗ್ಗೆ ಮಾರ್ಗದರ್ಶನ ಬೇಕಾದವರಿಗೆ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಬೆಳೆದ ರಾಷ್ಟ್ರೀಯ ಸೀಸ ವಿಷಬಾಧೆ ಕೇಂದ್ರದ ಕೆಲಸ ಮಾದರಿಯಾಗಿ ಇದೆ.

ಈ ಮನೆಯ ಕಡತ ಮಗುವಿನ ಅಂಕಿ 10ರ ಕೆಳಗೆ ಉಳಿದ ಮೇಲೆ ಮುಚ್ಚಿತು. ಆ ಕಾಲದ ನಿಯಮಕ್ಕೆ ಅದು ಸರಿ. 2012ರಲ್ಲಿ ರಕ್ತದ ಸೀಸದ ಗೆರೆ 5ಕ್ಕೆ ಬಂತು, 2021ರಲ್ಲಿ 3.5ಕ್ಕೆ. ಅಂಗಳದ ಮಣ್ಣಿಗೆ ಕಣಿವೆಯಲ್ಲಿ 1,000 ಪಿಪಿಎಂ ಗೆರೆ ಹಾಕಿದ್ದರು. 2024ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಮನೆಯ ಮಣ್ಣನ್ನು ಪರಿಶೀಲಿಸಬೇಕಾದ ಮಟ್ಟವನ್ನು 400ರಿಂದ 200ಕ್ಕೆ ಇಳಿಸಿತು. ಅಂದು ಗೆರೆಗಿಂತ ಕೆಳಗಿದೆ ಅಂತ ಮುಟ್ಟದೆ ಬಿಟ್ಟ ಅಂಗಳಗಳು ಅದೇ ಬೀದಿಗಳಲ್ಲಿ ಇವೆ. ಆ ಎರಡನೇ ಮಗುವಿನ ಅಂದಿನ ಅಂಕಿ ಇಂದು ಬಂದಿದ್ದರೆ ಕಡತ ಮುಚ್ಚುತ್ತಿರಲಿಲ್ಲ, ನರ್ಸ್ ಮತ್ತೆ ಆ ಬಾಗಿಲು ತಟ್ಟುತ್ತಿದ್ದರು.